ಇಪ್ಪತ್ತೊಂದು ಗೇರಿನಿಂದ ಒಂದಕ್ಕೆ

ಹೋದ ವರ್ಷದ ಜುಲೈ ತಿಂಗಳಲ್ಲಿ, ಪುಣೆಯ ಕರ್ವೇನಗರದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ಪಕ್ಕದವರ ಸ್ಕೂಟರ್ ರಾತ್ರಿ ಯಾವಾಗಲೋ ಸ್ಟ್ಯಾಂಡ್ ತಪ್ಪಿ ನನ್ನ ಸೈಕಲ್ಲಿನ ಬಲಮಗ್ಗುಲಿಗೆ ಒರಗಿಕೊಂಡಿತ್ತು. ಬೆಳಿಗ್ಗೆ ಅದನ್ನು ಎತ್ತಿ ನಿಲ್ಲಿಸಿ, ಬಣ್ಣ ಕೆದರಿದೆಯೇ ಎಂಬುದನ್ನಷ್ಟೇ ನೋಡಿ, ಮಳೆಯಂಗಿ ತೊಟ್ಟು ಕಚೇರಿಗೆ ಹೊರಟುಬಿಟ್ಟೆ. ಹಿಂದಿನ ಚಕ್ರದ ಬಳಿ ತೂಗಾಡುವ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಆ ಸಣ್ಣ ತೋಳು, ಒಳಕ್ಕೆ ಬಾಗಿದ್ದು ನನ್ನ ಗಮನಕ್ಕೆ ಬರಲಿಲ್ಲ. ಡೆಕ್ಕನ್ ದಾಟಿ ಝಡ್ ಬ್ರಿಡ್ಜ್ ಏರುವಾಗ ಎಲ್ಲಕ್ಕಿಂತ ಹಗುರವಾದ ಗೇರಿಗೆ ಹಾಕಿದೆ. ಬಾಗಿದ ತೋಳು ಚಕ್ರದ ಕಡ್ಡಿಗಳ ನಡುವೆ ಹೊಕ್ಕು, ಮೂರು ಕಡ್ಡಿಗಳನ್ನು ಮುರಿದು, ತಾನೂ ತಿರುಚಿಕೊಂಡು ನಿಂತಿತು. ನಾನು ಬೀಳಲಿಲ್ಲ; ಹಿಂದಿದ್ದ ಬೈಕಿನವರು ಮರಾಠಿಯಲ್ಲಿ ಹೇಳಿದ ಮಾತನ್ನು ಮಾತ್ರ ಇಲ್ಲಿ ಬರೆಯಲಾಗದು.

ನಮ್ಮ ಭಾಗದಲ್ಲಿ ಸೈಕಲ್ ರಿಪೇರಿ ಮಾಡುವ ಕಾಕಾ ಇಂಡಿ ತಾಲ್ಲೂಕಿನವರು. ಮೂವತ್ತು ವರ್ಷಗಳ ಹಿಂದೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಆ ಕೆಲಸ ಬಿಟ್ಟು, ಪಾನಾ, ಅಂದರೆ ಸ್ಪ್ಯಾನರ್, ಹಿಡಿದವರು. ನಾನು ಧಾರವಾಡದವನೆಂದು ತಿಳಿದ ದಿನದಿಂದ ನಮ್ಮಿಬ್ಬರ ನಡುವೆ ಮರಾಠಿ ನಿಂತು ಕನ್ನಡ ನಡೆದಿದೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ನೋಡಿದ ಅವರು, ಹೊಸ ಡಿರೇಲರ್ ಬರಲು ಒಂದು ವಾರ ಬೇಕೆಂದೂ ಅಲ್ಲಿಯವರೆಗೆ ಓಡುವಂತೆ ಮಾಡಿಕೊಡುತ್ತೇನೆಂದೂ ಹೇಳಿದರು. ಮುರಿದ ಕಡ್ಡಿಗಳನ್ನು ಬದಲಿಸಿ, ತಿರುಚಿದ ತೋಳನ್ನು ಕೈಯಿಂದಲೇ ಆದಷ್ಟು ನೆಟ್ಟಗೆ ಮಾಡಿ, ಗೇರ್ ಕೇಬಲ್ಲಿನ ಒಂದು ತುಂಡನ್ನು ಅದರ ತಿರುಪಿನಲ್ಲಿ ಬಿಗಿದು, ತೋಳು ಮೂರನೆಯ ಹಲ್ಲುಚಕ್ರದ ಕೆಳಗೆ ಅಲುಗದಂತೆ ಕೂಡಿಸಿದರು. ಮುಂದೆ ಮೂರರಲ್ಲಿ ನಡುವಿನದು, ಹಿಂದೆ ಏಳರಲ್ಲಿ ಮೂರನೆಯದು. ಅದನ್ನೇ ಏಕೆ ಆರಿಸಿದಿರಿ ಎಂದು ಕೇಳಿದೆ.

"ಸರ, ಬಾಳ ಮಂದಿ ಗೇರ್ ಗಾಡಿ ರಿಪೇರಿಗೆ ತರ್ತಾರ. ಎಲ್ಲಾರದೂ ಅಲ್ಲೇ ಸವದಿರ್ತದ ನೋಡ್ರಿ," ಎಂದು ಆ ಎರಡು ಹಲ್ಲುಚಕ್ರಗಳ ಮೇಲೆ ಬೆರಳಿಟ್ಟು ತೋರಿಸಿದರು.

ನನ್ನ ಸೈಕಲ್ಲಿನಲ್ಲಿಯೂ ಹಾಗೆಯೇ ಆಗಿತ್ತು. 2014ರಲ್ಲಿ ಕೊಂಡ, ಉಕ್ಕಿನ ಫ್ರೇಮಿನ ಆ ಹೈಬ್ರಿಡ್ ಸೈಕಲ್ಲಿನ ಮುಂದಿನ ದೊಡ್ಡ ಹಲ್ಲುಚಕ್ರದ ಹಲ್ಲುಗಳು ಅಂಗಡಿಯಿಂದ ತಂದ ದಿನದಂತೆಯೇ ಚೂಪಾಗಿದ್ದವು. ಚಿಕ್ಕದರ ಮೇಲೆ ಹತ್ತು ವರ್ಷಗಳ ಎಣ್ಣೆ ಮತ್ತು ಧೂಳು ಕೂಡಿ ಗಟ್ಟಿಯಾದ ಕರಿ ಪದರವೊಂದು ಕುಳಿತಿತ್ತು. ಒಂದು ವಾರವೆಂದದ್ದು ಮೂರು ವಾರವಾಯಿತು. ಅಷ್ಟು ದಿನವೂ ಅದೇ ಒಂದು ಗೇರಿನಲ್ಲಿ ಕರ್ವೇನಗರದಿಂದ ಅಪ್ಪಾ ಬಳವಂತ ಚೌಕದವರೆಗೆ ಹೋಗಿ ಬಂದೆ. ಹೋಗಲು ಸುಮಾರು ಏಳು ಕಿಲೋಮೀಟರ್, ಬರಲು ಅಷ್ಟೇ. ಮೊದಲ ಎರಡು ದಿನ ಬಲಗೈ ಹೆಬ್ಬೆರಳು, ಕೇಬಲ್ಲೇ ಇಲ್ಲದ ಗುಂಡಿಯನ್ನು ತಾನೇ ತಾನಾಗಿ ಒತ್ತುತ್ತಿತ್ತು. ಮೂರನೆಯ ದಿನ ಅದು ಸುಮ್ಮನಾಯಿತು. ಹೊಸ ಡಿರೇಲರ್ ಬಂದಿದೆ ಎಂದು ಕಾಕಾ ಫೋನ್ ಮಾಡಿದಾಗ, ನನಗೆ ಅದು ಬೇಕಿಲ್ಲವೆಂಬುದು ನನಗೇ ಸ್ಪಷ್ಟವಾಗಿತ್ತು. ಬೇಕಾದದ್ದು, ಈಗ ತಾತ್ಕಾಲಿಕವಾಗಿ ಇರುವುದನ್ನೇ ಸರಿಯಾಗಿ ಮಾಡಿಸುವುದು.

"ರೊಕ್ಕ ಕೊಟ್ಟು ತಗೊಂಡದ್ದನ್ನ ಮತ್ತ ರೊಕ್ಕ ಕೊಟ್ಟು ತಗಸ್ತೀರಿ?" ಎಂದು ಅವರು ಕೇಳಿದರು. ಹೌದು ಎಂದೆ. ಈ ಮಾತಿನಲ್ಲಿದ್ದ ಎಚ್ಚರಿಕೆ ನನಗೆ ಆಗ ಅರ್ಥವಾಗಲಿಲ್ಲ. ಗೇರುಗಳನ್ನು ತೆಗೆಯುವುದೆಂದರೆ ಬಿಚ್ಚಿ ಪಕ್ಕಕ್ಕಿಡುವ ಕೆಲಸವೆಂದು ನಾನು ತಿಳಿದಿದ್ದೆ. ಬಿಚ್ಚುವುದಕ್ಕೆ ಹಿಡಿದದ್ದು ಒಂದು ಗಂಟೆ. ಬಿಚ್ಚಿದ ಮೇಲೆ ಉಳಿದದ್ದನ್ನು ಒಂದೇ ಗೆರೆಗೆ ತರುವುದಕ್ಕೆ ಎರಡು ತಿಂಗಳಾದವು.

ಬಿಚ್ಚುವ ಮೊದಲು ಕಾಗದದ ಮೇಲೆ ಒಂದಿಷ್ಟು ಲೆಕ್ಕ ಮಾಡಿದೆ. ನನ್ನ ಸೈಕಲ್ಲಿನ ಮುಂದಿನ ಹಲ್ಲುಚಕ್ರಗಳಿಗೆ 48, 38 ಮತ್ತು 28 ಹಲ್ಲುಗಳು. ಹಿಂದಿನವುಗಳಿಗೆ 14ರಿಂದ 28ರವರೆಗೆ ಏಳು ಮೆಟ್ಟಿಲು. ಮುಂದಿನ ಸಂಖ್ಯೆಯನ್ನು ಹಿಂದಿನ ಸಂಖ್ಯೆಯಿಂದ ಭಾಗಿಸಿದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಚಕ್ರ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಸಿಗುತ್ತದೆ. ಇಪ್ಪತ್ತೊಂದು ಜೋಡಿಗಳನ್ನೂ ಭಾಗಿಸಿ ಬರೆದು ನೋಡಿದರೆ, ಮುಂದೆ 48 ಹಿಂದೆ 24 ಇರುವುದಕ್ಕೂ, ಮುಂದೆ 28 ಹಿಂದೆ 14 ಇರುವುದಕ್ಕೂ ಉತ್ತರ ಒಂದೇ, ಸರಿಯಾಗಿ ಎರಡು. 38ನ್ನು 22ರಿಂದ ಭಾಗಿಸಿದರೂ, 28ನ್ನು 16ರಿಂದ ಭಾಗಿಸಿದರೂ, 48ನ್ನು 28ರಿಂದ ಭಾಗಿಸಿದರೂ ಉತ್ತರ ಒಂದೂಮುಕ್ಕಾಲರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಾಲಿಗೆ ವ್ಯತ್ಯಾಸ ತಿಳಿಯುವಷ್ಟು ಬೇರೆಯಾದವುಗಳನ್ನು ಮಾತ್ರ ಎಣಿಸಿದರೆ ಇಪ್ಪತ್ತೊಂದರಲ್ಲಿ ಉಳಿಯುವುದು ಹದಿಮೂರು. ಆ ಹದಿಮೂರರಲ್ಲಿ ನಾನು ಬಳಸುತ್ತಿದ್ದುದು ಮೂರು. ಅಂಗಡಿಯವರು ಇಪ್ಪತ್ತೊಂದು ಎಂದು ಹೇಳಿ ಮಾರಿದ್ದು ಸುಳ್ಳಲ್ಲ, ಆದರೆ ಅದು ಪಂಕ್ತಿಯಲ್ಲಿ ಒಂದೇ ಸಾರನ್ನು ಮೂರು ಸಲ ಬಡಿಸಿ ಮೂರು ಬಗೆ ಎಂದಂತೆ.

ಒಂದೇ ಗೇರನ್ನು ಆರಿಸಿಕೊಳ್ಳುವಾಗ ನೋಡಬೇಕಾದದ್ದು ಎಷ್ಟು ವೇಗವಾಗಿ ಹೋಗಬಹುದು ಎಂಬುದನ್ನಲ್ಲ, ನಿಂತ ಜಾಗದಿಂದ ಎಷ್ಟು ಸಲ ಹೊರಡಬೇಕು ಎಂಬುದನ್ನು. ಮುಂದೆ 38, ಹಿಂದೆ 18 ಇದ್ದಾಗ ಪೆಡಲಿನ ಒಂದು ಸುತ್ತಿಗೆ ಸೈಕಲ್ ನಾಲ್ಕೂವರೆ ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಪಾರ್ಕಿಂಗಿನ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಅಳೆದು ಖಚಿತ ಮಾಡಿಕೊಂಡೆ. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 19 ಕಿಲೋಮೀಟರ್. ಕರ್ವೇ ರಸ್ತೆಯಲ್ಲಿ ಬೆಳಗಿನ ಒಂಬತ್ತೂವರೆಗೆ ಇದಕ್ಕಿಂತ ವೇಗವಾಗಿ ಹೋಗಲು ಕಾರಿಗೂ ಆಗುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ, ಅಂಗಡಿಯಲ್ಲಿ 16 ಹಲ್ಲಿನ ಫ್ರೀವೀಲ್, ಅಂದರೆ ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ಓಡಲು ಬಿಡುವ ಹಿಂದಿನ ಹಲ್ಲುಚಕ್ರ, ಕಂಡಾಗ ನನಗೆ ಆಸೆಯಾಯಿತು. 18ರಲ್ಲಿ ಮೂರು ವಾರ ಆರಾಮವಾಗಿ ಓಡಿಸಿದವನು 16ನ್ನು ಕೊಂಡೆ. ಪೆಡಲಿನ ಸುತ್ತಿಗೆ ಅರ್ಧ ಮೀಟರಿಗಿಂತ ಹೆಚ್ಚು ಲಾಭವೆಂದು ಲೆಕ್ಕ ಹೇಳುತ್ತಿತ್ತು. ಆ ಅರ್ಧ ಮೀಟರಿನ ಬೆಲೆಯನ್ನು ನಳ್‌ಸ್ಟಾಪ್ ಸಿಗ್ನಲ್ಲಿನಲ್ಲಿ ಪ್ರತಿದಿನ ಮೊಣಕಾಲು ತೆರುತ್ತಿತ್ತು. ತಿಂಗಳೊಳಗೆ 18ಕ್ಕೆ ಮರಳಿದೆ.

ಮೊಣಕಾಲಿನ ಮಾತು ಬಂದದ್ದರಿಂದ ವಯಸ್ಸಿನ ಬಗೆಗೆ ಒಂದು ಉಪಕಥೆ. ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು 1903ರಲ್ಲಿ ಆರಂಭಿಸಿದ ಆನ್ರಿ ದೆಗ್ರಾಂಜ್ ಎಂಬ ಪತ್ರಿಕಾ ಸಂಪಾದಕರು, ಗೇರ್ ಬದಲಿಸುವ ಸೌಕರ್ಯವೆಲ್ಲ ನಲವತ್ತೈದು ದಾಟಿದವರಿಗೆ ಮಾತ್ರ ಎಂದು ಅದರ ಹಿಂದಿನ ವರ್ಷವೇ ಬರೆದಿದ್ದರು. ಆ ಸ್ಪರ್ಧೆಯಲ್ಲಿ ಡಿರೇಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಆಲ್ಪ್ಸ್ ಪರ್ವತದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ ತಿರುಗಿಸಿ ಹಾಕಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನು ಜೋಡಿಸಿಕೊಂಡು ಹತ್ತುತ್ತಿದ್ದರು. ನನಗೀಗ ನಲವತ್ತೇಳು. ದೆಗ್ರಾಂಜರ ಪ್ರಕಾರ ಗೇರಿಗೆ ಅರ್ಹನಾದ ಎರಡು ವರ್ಷಕ್ಕೆ ನಾನು ಅದನ್ನು ಬಿಟ್ಟೆ.

ಇನ್ನು ಕೆಲಸದ ವಿಷಯ. ಮುಂದಿನ ಮತ್ತು ಹಿಂದಿನ ಡಿರೇಲರ್, ಹ್ಯಾಂಡಲ್ಲಿನ ಎರಡು ಗುಂಡಿಗಳು, ಕೇಬಲ್ಲುಗಳು, ಅವುಗಳ ಹೊದಿಕೆ ಇವೆಲ್ಲ ಬೇಗ ಬಿಚ್ಚಿಕೊಂಡವು. ಹೊದಿಕೆಯೊಂದನ್ನು ಓರೆ ಮಾಡಿದಾಗ ಒಳಗಿನಿಂದ ತುಕ್ಕಿನ ನೀರು ಹನಿಯಿತು. ಪುಣೆಯ ನಾಲ್ಕು ತಿಂಗಳ ಮಳೆಯಲ್ಲಿ ಪ್ರತಿವರ್ಷ ಗೇರು ಏಕೆ ಬಿಗಿಯುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಗ್ಗದ ಗೇರ್ ಸೈಕಲ್ಲುಗಳಲ್ಲಿ ಹಿಂದಿನ ಡಿರೇಲರ್ ಒಂದು ಚಪ್ಪಟೆ ಕೊಕ್ಕೆಯ ಮೂಲಕ ಎಕ್ಸಲ್ಲಿನ, ಅಂದರೆ ಚಕ್ರದ ಅಚ್ಚಿನ, ಜೊತೆಗೇ ಬಿಗಿದುಕೊಂಡಿರುತ್ತದೆ, ಫ್ರೇಮಿಗೆ ಬೆಸೆದಿರುವುದಿಲ್ಲ. ನನ್ನದೂ ಹಾಗೆಯೇ ಇದ್ದುದರಿಂದ ಅದು ಇದ್ದ ಗುರುತೂ ಉಳಿಯದಂತೆ ಹೊರಬಂತು. ಅದಕ್ಕಿಂತ ಮುಖ್ಯವಾಗಿ, ಅಂಥ ಫ್ರೇಮುಗಳಲ್ಲಿ ಹಿಂದಿನ ಚಕ್ರದ ಎಕ್ಸಲ್ ಕೂರುವ ಸೀಳು ಅಡ್ಡಲಾಗಿರುತ್ತದೆ. ಇದು ಎಷ್ಟು ದೊಡ್ಡ ಅದೃಷ್ಟವೆಂಬುದನ್ನು ಮುಂದೆ ಹೇಳುತ್ತೇನೆ.

ಏಳು ಹಲ್ಲುಚಕ್ರಗಳ ಫ್ರೀವೀಲ್ ಮಾತ್ರ ಹಠ ಹಿಡಿಯಿತು. ಅದು ಚಕ್ರದ ನಡುವಿನ ಗುಂಬವಾದ ಹಬ್ಬಿನ ಮೇಲೆ ಮರೆಯಿಂದ, ಅಂದರೆ ತಿರುಪಿನ ಎಳೆಗಳಿಂದ, ಕೂತಿರುತ್ತದೆ, ಮತ್ತು ತುಳಿದಷ್ಟೂ ಬಿಗಿಯಾಗುವ ದಿಕ್ಕಿನಲ್ಲಿಯೇ ಆ ಮರೆ ಕೊರೆದಿರುತ್ತದೆ. ಹತ್ತು ವರ್ಷ ತುಳಿದು ತುಳಿದು ನಾನೇ ಬಿಗಿದದ್ದನ್ನು ಬಿಡಿಸಬೇಕಿತ್ತು. ಪಾನಾಕ್ಕೆ ಪೈಪ್ ತೊಡಿಸಿ ಇಬ್ಬರೂ ಜೋತುಬಿದ್ದರೂ ಅಲುಗಲಿಲ್ಲ. ಕೊನೆಗೆ ಕಾಕಾ ಪಕ್ಕದ ವೆಲ್ಡಿಂಗ್ ಅಂಗಡಿಯವರ ಬೆಂಚ್ ವೈಸಿನಲ್ಲಿ, ಅಂದರೆ ಮೇಜಿಗೆ ಬಿಗಿದ ಇಕ್ಕಳದಲ್ಲಿ, ಬಿಚ್ಚುವ ಹತ್ಯಾರವನ್ನೇ ಮೇಲ್ಮುಖವಾಗಿ ಕಚ್ಚಿಸಿ, ಅದರ ಮೇಲೆ ಚಕ್ರವನ್ನು ಮಲಗಿಸಿ ಕೂಡಿಸಿ, ಲಾರಿಯ ಸ್ಟೇರಿಂಗ್ ತಿರುಗಿಸುವಂತೆ ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುವಿದರು. ಗುಂಡು ಹಾರಿದಂಥ ಸದ್ದಿನೊಂದಿಗೆ ಅದು ಬಿಟ್ಟಿತು. ಚಕ್ರವೇ ಸನ್ನೆಗೋಲಾಗುವ ಈ ಉಪಾಯ ನಮಗೆ ಪೈಪಿಗಿಂತ ಹೆಚ್ಚು ಫಲ ಕೊಟ್ಟಿತು, ಹತ್ಯಾರದ ಹಲ್ಲೂ ಜಾರಲಿಲ್ಲ.

ಆ ಮರೆಯ ಅಳತೆ 1.37 ಇಂಚು ವ್ಯಾಸ, ಇಂಚಿಗೆ 24 ಎಳೆ. ಗೇರಿಲ್ಲದ ಸೈಕಲ್ಲಿಗೆ ಬರುವ ಒಂಟಿ ಫ್ರೀವೀಲ್ ಕೂಡ ಇದೇ ಮರೆಗೆ ಕೂರುತ್ತದೆ. ಆದ್ದರಿಂದ ಹಬ್ಬನ್ನು ಬದಲಿಸುವ ಅಗತ್ಯ ಬರಲಿಲ್ಲ. ಹೆಚ್ಚು ಬೆಲೆಯ ಸೈಕಲ್ಲುಗಳಲ್ಲಿ ಫ್ರೀವೀಲಿನ ಬದಲು ಕ್ಯಾಸೆಟ್ ಇರುತ್ತದೆ. ಅಲ್ಲಿ ಹಲ್ಲುಚಕ್ರಗಳು ಹಬ್ಬಿನ ಮೇಲಿನ ಉದ್ದನೆಯ ತೋಡುಗಳಲ್ಲಿ ಸರಿದು ಕೂರುವುದರಿಂದ, ಎಲ್ಲವನ್ನೂ ತೆಗೆದು ಒಂದನ್ನು ಮಾತ್ರ ಮರಳಿ ಹಾಕಿ, ಅದರ ಎರಡೂ ಬದಿಗೆ ಪೈಪಿನ ಬಳೆಗಳನ್ನು ತುಂಬಿದರೆ ಸಾಕು, ಗೆರೆಯನ್ನು ಬೇಕಾದಲ್ಲಿಗೆ ಸರಿಸಿಕೊಳ್ಳಬಹುದು. ದುಬಾರಿ ಸೈಕಲ್ ಇದ್ದವರಿಗೆ ಈ ಕೆಲಸ ಸುಲಭ, ಅಗ್ಗದ್ದಕ್ಕೆ ಕಷ್ಟ. ಲೋಕದಲ್ಲಿ ಇದೊಂದೇ ಹೀಗೆ ಎಂದೇನೂ ಅಲ್ಲ.

ಏಕೆಂದರೆ ಒಂಟಿ ಫ್ರೀವೀಲನ್ನು ಏಳು ಗೇರಿನ ಹಬ್ಬಿಗೆ ತಿರುಗಿಸಿ ಕೂಡಿಸಿದರೆ, ಅದು ಕಡ್ಡಿಗಳಿಗೆ ಹತ್ತಿರವಾಗಿ, ತೀರಾ ಒಳಗೆ ಹೋಗಿ ಕೂರುತ್ತದೆ. ಮುಂದಿನ ನಡುವಿನ ಹಲ್ಲುಚಕ್ರ ಸೈಕಲ್ಲಿನ ನಟ್ಟನಡುವಿನ ಗೆರೆಯಿಂದ 47 ಮಿಲಿಮೀಟರ್ ಬಲಕ್ಕಿತ್ತು, ಹಿಂದಿನದು 39ರಷ್ಟು. ಎಂಟು ಮಿಲಿಮೀಟರ್ ಅಂತರವೆಂದರೆ ಏನು ಮಹಾ ಎಂದು ನನಗೂ ಅನಿಸಿತ್ತು. ಗೇರಿದ್ದಾಗ ಚೈನು ಇದಕ್ಕಿಂತ ಓರೆಯಾಗಿ ಓಡುತ್ತಿರಲಿಲ್ಲವೇ? ಓಡುತ್ತಿತ್ತು, ಆದರೆ ಆಗ ಅದು ಓರೆಯಾಗಿ ಓಡಲೆಂದೇ ಮಾಡಿದ ತೆಳುವಾದ, ಬಳುಕುವ ಚೈನಾಗಿತ್ತು, ಕೆಳಗಿನಿಂದ ಡಿರೇಲರಿನ ತೋಳು ಅದನ್ನು ಸದಾ ಎಳೆದು ಹಿಡಿದಿರುತ್ತಿತ್ತು, ಮುಂದಿನ ಡಿರೇಲರಿನ ಪಂಜರ ಅದು ಉರುಳದಂತೆ ಕಾಯುತ್ತಿತ್ತು. ಇವು ಮೂರನ್ನೂ ತೆಗೆದ ಮೇಲೆ ಚೈನಿಗೆ ದಾರಿ ತೋರಿಸುವುದು ಅದರ ನೇರ ಗೆರೆಯೊಂದೇ. ಸಾಲದ್ದಕ್ಕೆ, ಗೇರ್ ಸೈಕಲ್ಲಿನ ಮುಂದಿನ ಹಲ್ಲುಚಕ್ರಗಳ ಮಗ್ಗುಲಲ್ಲಿ ಚೈನು ಸುಲಭವಾಗಿ ಒಂದರಿಂದ ಇನ್ನೊಂದಕ್ಕೆ ಹತ್ತಲೆಂದೇ ಸಣ್ಣ ಮೆಟ್ಟಿಲುಗಳನ್ನು ಕೆತ್ತಿರುತ್ತಾರೆ, ಕೆಲವು ಹಲ್ಲುಗಳನ್ನು ಮೋಟು ಮಾಡಿರುತ್ತಾರೆ. ಅಂದು ವರವಾಗಿದ್ದ ಗುಣ ಈಗ ಶಾಪ. ಹೊಸ ಚೈನು ಮೊದಲ ದಿನವೇ ಎರಡು ಸಲ ಕಳಚಿ ಬಿತ್ತು, ಎರಡನೆಯ ಸಲ ಲಕ್ಷ್ಮೀ ರಸ್ತೆಯ ನಡುವೆ, ಸೀರೆ ಅಂಗಡಿಯೊಂದರ ಕಾವಲುಗಾರನ ಸಮ್ಮುಖದಲ್ಲಿ.

ಚೈನಿನ ಬಗೆಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಎಲ್ಲ ಸೈಕಲ್ ಚೈನುಗಳ ಗೆಣ್ಣಿನಿಂದ ಗೆಣ್ಣಿಗೆ ಅಂತರ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಅಗಲ ಮಾತ್ರ ಬೇರೆ: ನನ್ನದರಂಥ ಏಳು ಗೇರಿನ ಚೈನಿನ ಒಳಅಗಲ ಇಂಚಿನ 3/32 ಭಾಗ, ಗೇರಿಲ್ಲದ್ದರದು 1/8 ಭಾಗ. ಸ್ಥಳೀಯವಾಗಿ ಸಿಗುವ ಒಂಟಿ ಫ್ರೀವೀಲಿನ ಹಲ್ಲು ದಪ್ಪವಾಗಿರುವುದರಿಂದ ತೆಳು ಚೈನು ಅದರ ಮೇಲೆ ಕೂರುವುದೇ ಇಲ್ಲ. ಆದರೆ ದಪ್ಪ ಚೈನು ಮುಂದಿನ ತೆಳು ಹಲ್ಲಿನ ಮೇಲೆ ನಿರಾತಂಕವಾಗಿ ಓಡುತ್ತದೆ. ಹೀಗಾಗಿ ಹಳೆಯ ಚೈನನ್ನು ಕತ್ತರಿಸಿ ಬಳಸುವ ಆಸೆ ಬಿಟ್ಟು, ಕರಿ ಸೈಕಲ್ಲಿನ ದಪ್ಪ ಚೈನನ್ನೇ ಕೊಂಡೆ. ಅದರ ಲಾಕಿಗೆ ಹಾಕುವ ಮೀನಿನಾಕಾರದ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಖ ಮಾಡಿರಬೇಕು, ಸೀಳಿರುವ ತುದಿ ಹಿಂದಿರಬೇಕು. ತಿರುಗುಮುರುಗಾಗಿ ಹಾಕಿದರೆ ಎಲ್ಲಿಯಾದರೂ ತಾಗಿ ತೆರೆದುಕೊಂಡು ಹಾರಿಹೋಗುತ್ತದೆ.

ಎಂಟು ಮಿಲಿಮೀಟರ್ ಅಂತರಕ್ಕೆ ಪರಿಹಾರ ಹೇಳಿದವರು ಕಾಕಾ. ನಾನು ಹೊಸ ಕ್ರ್ಯಾಂಕ್, ಅಂದರೆ ಪೆಡಲಿನ ತೋಳು ಮತ್ತು ಅದರ ಹಲ್ಲುಚಕ್ರಗಳು, ಹಾಕಿಸೋಣವೆಂದಿದ್ದೆ. ನನ್ನ ಕ್ರ್ಯಾಂಕಿನ ಮೂರು ಹಲ್ಲುಚಕ್ರಗಳೂ ರಿವೆಟ್ ಹೊಡೆದು ಕೂಡಿಸಿದವು, ಬೋಲ್ಟ್ ಬಿಚ್ಚಿ ಬೇರೆ ಮಾಡುವಂಥವಲ್ಲ. ಅವರು ಕ್ರ್ಯಾಂಕಿನ ಕಡೆ ನೋಡಲೇ ಇಲ್ಲ. ಹಿಂದಿನ ಚಕ್ರದ ಎಕ್ಸಲ್ ಬಿಚ್ಚಿ, ಬಲಗಡೆ ಇದ್ದ ವಾಶರುಗಳನ್ನು ನೆಲದ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟರು. ಏಳು ಹಲ್ಲುಚಕ್ರಗಳಿಗೆ ಜಾಗ ಮಾಡಿಕೊಡಲೆಂದು ಬಲಗಡೆ ದಪ್ಪ ವಾಶರುಗಳನ್ನು ತುಂಬಿ ಹಬ್ಬನ್ನು ಎಡಕ್ಕೆ ತಳ್ಳಿರುತ್ತಾರೆ. ಈಗ ಒಂದೇ ಹಲ್ಲುಚಕ್ರವಾದ ಮೇಲೆ ಆ ಜಾಗ ಖಾಲಿ. "ಈ ಕಡೀದು ಆ ಕಡೀಗಿ ಹಾಕೂದ್ರೀ, ಹಬ್ಬು ತಾನ ಸರೀತದ," ಎಂದು ಏಳು ಮಿಲಿಮೀಟರ್ ದಪ್ಪದಷ್ಟು ವಾಶರುಗಳನ್ನು ಎಡಕ್ಕೆ ಸಾಗಿಸಿದರು. ಎಕ್ಸಲ್ಲಿನ ಒಟ್ಟು ಅಗಲ ಬದಲಾಗಲಿಲ್ಲ, ಫ್ರೇಮಿನಲ್ಲಿ ಅದು ಮೊದಲಿನಂತೆಯೇ ಕೂತಿತು. ಆದರೆ ಹಬ್ಬು, ಅದರ ಜೊತೆ ಫ್ರೀವೀಲ್, ಏಳು ಮಿಲಿಮೀಟರ್ ಬಲಕ್ಕೆ ಬಂದವು. 39 ಇದ್ದದ್ದು 46 ಆಯಿತು. ಉಳಿದ ಒಂದು ಮಿಲಿಮೀಟರ್ ಚೈನಿಗೆ ಲೆಕ್ಕಕ್ಕಿಲ್ಲ.

ಹಬ್ಬು ಬಲಕ್ಕೆ ಬಂದರೆ ರಿಮ್ಮೂ ಬರುತ್ತದೆ. ಚಕ್ರ ಹಾಕಿ ನೋಡಿದರೆ ಟೈರು ಬಲಗಡೆಯ ಫ್ರೇಮಿಗೆ ತಾಗುವಷ್ಟು ವಾಲಿ ನಿಂತಿತ್ತು, ಬ್ರೇಕಿನ ಒಂದು ರಬ್ಬರ್ ಗಾಳಿಯಲ್ಲಿತ್ತು. ಇಲ್ಲಿಂದ ಮುಂದಿನ ಮುಕ್ಕಾಲು ದಿನದ ಕೆಲಸ ನನಗೆ ಇಡೀ ಪ್ರಸಂಗದಲ್ಲಿ ಅತ್ಯಂತ ಇಷ್ಟವಾದ ಭಾಗ. ಮೂವತ್ತಾರು ಕಡ್ಡಿಗಳಲ್ಲಿ ಬಲಗಡೆಯ ಹದಿನೆಂಟನ್ನು ಕಾಲು ಕಾಲು ಸುತ್ತು ಸಡಿಲಿಸುತ್ತ, ಎಡಗಡೆಯ ಹದಿನೆಂಟನ್ನು ಅಷ್ಟಷ್ಟೇ ಬಿಗಿಯುತ್ತ, ಕಾಕಾ ರಿಮ್ಮನ್ನು ಹಬ್ಬಿನ ಮೇಲೆ ಎಡಕ್ಕೆ ನಡೆಸಿಕೊಂಡು ಹೋದರು. ಒಂದೇ ಸಲಕ್ಕೆ ಹೆಚ್ಚು ತಿರುಗಿಸಿದರೆ ಚಕ್ರಕ್ಕೆ ಬೆಂಡು ಬರುತ್ತದೆ. ಆಮೇಲೆ ಬೆಂಡು ತೆಗೆಯುವುದೇ ಕೆಲಸವಾಗುತ್ತದೆ. ಸುತ್ತು ಮುಗಿದಾಗಲೆಲ್ಲ ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಸಿತಾರಿನ ಶ್ರುತಿ ನೋಡುವವರಂತೆ ಕಿವಿಗೊಟ್ಟು ಕೇಳುತ್ತಿದ್ದರು. ರಿಮ್ಮು ನಡುವಿಗೆ ಬಂದಿತೇ ಎಂದು ನೋಡಲು ಅವರಿಗೆ ಅಳತೆಪಟ್ಟಿ ಬೇಕಾಗಲಿಲ್ಲ: ಚಕ್ರವನ್ನು ಬಿಚ್ಚಿ ಎಡಬಲ ಮಾಡಿ ಹಾಕಿ, ಎರಡೂ ಸಲ ರಿಮ್ಮು ಫ್ರೇಮಿನ ನಡುವೆ ಒಂದೇ ಜಾಗದಲ್ಲಿ ನಿಂತರೆ ಅದು ನಡುವಿನಲ್ಲಿದೆ ಎಂದರ್ಥ. ಆರು ಸಲ ಬಿಚ್ಚಿ ಹಾಕಿದ ಮೇಲೆ ನಿಂತಿತು.

ಹೀಗೆ ಮಾಡಿದ್ದರಿಂದ ಕೇಳದೇ ಸಿಕ್ಕ ಲಾಭವೊಂದಿದೆ. ಗೇರಿನ ಹಿಂಗಾಲಿಯಲ್ಲಿ ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ, ಹೆಚ್ಚು ಬಿಗಿಯಾಗಿ ನಿಂತಿರುತ್ತವೆ, ಎಡಗಡೆಯವು ಓರೆಯಾಗಿ ಸಡಿಲಾಗಿರುತ್ತವೆ. ಹಿಂದಿನ ಚಕ್ರದ ಕಡ್ಡಿಗಳು ಮುರಿಯುವುದಕ್ಕೆ ಈ ಅಸಮತೋಲ ಒಂದು ದೊಡ್ಡ ಕಾರಣ. ಈಗ ಎರಡೂ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ಸಮನಾದ ಇಳಿಜಾರಿನಲ್ಲಿ, ಸಮನಾದ ಬಿಗಿಯಲ್ಲಿ ಇವೆ. ಆಗಿನಿಂದ ಒಂದು ಕಡ್ಡಿಯೂ ಮುರಿದಿಲ್ಲ.

ಇನ್ನು ಚೈನಿನ ಬಿಗಿ. ಡಿರೇಲರ್ ಇಲ್ಲದ ಮೇಲೆ ಸಡಿಲವನ್ನು ಎಳೆದುಕೊಳ್ಳುವವರು ಯಾರೂ ಇಲ್ಲ, ಆದ್ದರಿಂದ ಚಕ್ರವನ್ನೇ ಹಿಂದಕ್ಕೆ ಸರಿಸಿ ಬಿಗಿಯಬೇಕು. ಸೀಳು ಅಡ್ಡಲಾಗಿರುವುದು ಅದೃಷ್ಟವೆಂದದ್ದು ಈ ಕಾರಣಕ್ಕೆ. ನನ್ನನ್ನು ನೋಡಿ ಉತ್ಸಾಹಗೊಂಡ ಕಚೇರಿಯ ತರುಣ ಮಿತ್ರರೊಬ್ಬರು ತಮ್ಮ ಅಲ್ಯುಮಿನಿಯಂ ಫ್ರೇಮಿನ ಸೈಕಲ್ಲನ್ನೂ ಹೀಗೆ ಮಾಡಹೊರಟರು. ಅವರದ್ದರಲ್ಲಿ ಸೀಳು ನೇರ ಕೆಳಮುಖ. ಎಕ್ಸಲ್ ಕೂರುವುದಕ್ಕೆ ಒಂದೇ ಜಾಗ, ಹಿಂದೆ ಮುಂದೆ ಮಾಡುವಂತಿಲ್ಲ. ಅಂಥವರು ಹಲ್ಲುಗಳ ಸಂಖ್ಯೆಯನ್ನೇ ಹೊಂದಿಸಿ ನೋಡಬೇಕು. ಹಿಂದೆ ಒಂದು ಹಲ್ಲು ಹೆಚ್ಚಿಸಿದರೆ ಎಕ್ಸಲ್ಲನ್ನು ಸುಮಾರು 3 ಮಿಲಿಮೀಟರ್ ಸರಿಸಿದಷ್ಟೇ ಪರಿಣಾಮ. ಚೈನಿಗೆ ಒಂದೇ ಒಂದು ಗೆಣ್ಣು ಸೇರಿಸಿದರೆ 6 ಮಿಲಿಮೀಟರಿಗಿಂತ ತುಸು ಹೆಚ್ಚು. ಇವೆರಡನ್ನೂ ಕೂಡಿಸಿ ಕಳೆದು ಸರಿಯಾದ ಜೋಡಿ ಸಿಕ್ಕರೆ ಪುಣ್ಯ, ಚೈನು ಸ್ವಲ್ಪ ಸವೆದು ಹಿಗ್ಗಿದೊಡನೆ ಆ ಪುಣ್ಯವೂ ತೀರುತ್ತದೆ. ಅವರು ಕೊನೆಗೆ ಹಳೆಯ ಡಿರೇಲರನ್ನೇ, ನನ್ನ ಮೂರು ವಾರದ ತಾತ್ಕಾಲಿಕ ಏರ್ಪಾಡಿನಂತೆ, ಕೇಬಲ್ ತುಂಡಿನಿಂದ ಒಂದೆಡೆ ನಿಲ್ಲಿಸಿಕೊಂಡು ಓಡಿಸುತ್ತಿದ್ದಾರೆ. ಕೆಲಸ ನಡೆಯುತ್ತದೆ, ಆದರೆ ಸ್ಕೂಟರ್ ಒರಗಿದರೆ ಬಾಗುವ ವಸ್ತು ಇನ್ನೂ ಅಲ್ಲಿಯೇ ತೂಗಾಡುತ್ತಿದೆ.

ನನ್ನ ಅಡ್ಡ ಸೀಳಿಗೂ ಅದರದೇ ತೊಂದರೆಯಿತ್ತು, ಅದು ಗೊತ್ತಾದದ್ದು ಆಗಸ್ಟಿನಲ್ಲಿ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಮುಠಾ ನದಿಗೆ ನೀರು ಬಿಟ್ಟು ಭಿಡೆ ಪೂಲ್ ಎಂಬ ತಗ್ಗಿನ ಸೇತುವೆ ಮುಳುಗಿದ್ದ ದಿನ, ಮತ್ತೆ ಅದೇ ಝಡ್ ಬ್ರಿಡ್ಜನ್ನು ಎದ್ದುನಿಂತು ತುಳಿಯುತ್ತ ಏರುತ್ತಿದ್ದೆ. ಟಕ್ಕೆಂದು ಸದ್ದಾಗಿ ಚಕ್ರ ಹಿಡಿದುಕೊಂಡಿತು. ಚೈನು ಎಳೆಯುವುದು ಬಲಗಡೆಯಿಂದ, ಆದ್ದರಿಂದ ಎಕ್ಸಲ್ಲಿನ ಬಲತುದಿ ಸೀಳಿನಲ್ಲಿ ಮುಂದಕ್ಕೆ ಜಾರಿ, ಚಕ್ರ ಓರೆಯಾಗಿ, ಟೈರು ಎಡಗಡೆಯ ಫ್ರೇಮಿಗೆ ಒತ್ತಿಕೊಂಡಿತ್ತು. ಕೈಯಿಂದ ಮಡಚಿ ಬಿಗಿಯುವ ಕ್ವಿಕ್ ರಿಲೀಸ್ ಹಿಡಿಕೆ ಗೇರಿದ್ದಾಗ ಸಾಕಾಗಿತ್ತು, ಏಕೆಂದರೆ ಏರು ಬಂದರೆ ಹಗುರ ಗೇರಿಗೆ ಇಳಿಯುತ್ತಿದ್ದೆ, ಮೈಭಾರವನ್ನೆಲ್ಲ ಪೆಡಲಿಗೆ ಹಾಕುತ್ತಿರಲಿಲ್ಲ. ಮರುದಿನ ಟೊಳ್ಳು ಎಕ್ಸಲ್ ತೆಗೆಸಿ, ಗಟ್ಟಿ ಎಕ್ಸಲ್ ಹಾಕಿಸಿ, ಒಳಮುಖದಲ್ಲಿ ಹಲ್ಲಿರುವ ನಟ್ಟುಗಳಿಂದ ಬಿಗಿಸಿದೆ. ಅಂದಿನಿಂದ ಚೀಲದಲ್ಲಿ 15 ನಂಬರಿನ ಪಾನಾ ಒಂದು ಇರುತ್ತದೆ. ಪಂಕ್ಚರ್ ಆದರೆ ಚಕ್ರ ಬಿಚ್ಚಲು ಅದೇ ಗತಿ.

ಬಿಗಿ ಎಷ್ಟಿರಬೇಕೆಂಬುದಕ್ಕೆ ಕಾಕಾ ಹೇಳುವ ಅಳತೆ, ಚೈನಿನ ನಡುವೆ ಬೆರಳಿಟ್ಟು ಒತ್ತಿದರೆ ಅರ್ಧ ಇಂಚು ಆಡಬೇಕು. ಆದರೆ ಎಲ್ಲಿಟ್ಟು ಒತ್ತುವುದು? ಮುಂದಿನ ಹಲ್ಲುಚಕ್ರ ಪೂರ್ತಿ ದುಂಡಗಿರುವುದಿಲ್ಲ, ಪೆಡಲನ್ನು ನಿಧಾನವಾಗಿ ತಿರುಗಿಸಿದರೆ ಚೈನು ಒಂದೆಡೆ ಬಿಗಿಯಾಗಿ ಇನ್ನೊಂದೆಡೆ ಸಡಿಲಾಗುತ್ತದೆ. ಅತ್ಯಂತ ಬಿಗಿಯಾಗುವ ಜಾಗವನ್ನು ಹುಡುಕಿ ಅಲ್ಲಿಯೇ ಆ ಅರ್ಧ ಇಂಚನ್ನು ನೋಡಬೇಕು. ಸಡಿಲಾದ ಜಾಗದಲ್ಲಿ ಸರಿಮಾಡಿದರೆ ಬಿಗಿಯಾದ ಜಾಗದಲ್ಲಿ ಬೇರಿಂಗು ನರಳುತ್ತದೆ.

ನೋಡಿದವರೆಲ್ಲ ಕೇಳುವ ಪ್ರಶ್ನೆ, ಇದು ಹಿಂದಕ್ಕೆ ತುಳಿದು ನಿಲ್ಲಿಸುವ ಸೈಕಲ್ಲೇ ಎಂದು. ಅಲ್ಲ. ಅದು ಫ್ರೀವೀಲೇ ಇಲ್ಲದ ಫಿಕ್ಸೆಡ್ ಗೇರ್. ಅಲ್ಲಿ ಚಕ್ರ ತಿರುಗುವವರೆಗೆ ಪೆಡಲೂ ತಿರುಗುತ್ತಲೇ ಇರುತ್ತದೆ, ಕಾಲಿಗೆ ವಿರಾಮವಿಲ್ಲ. ನನ್ನದು ನಮ್ಮ ತಂದೆಯ ಕಾಲದ ಕರಿ ಸೈಕಲ್ಲಿನ ಜಾತಿ, ಇಳಿಜಾರಿನಲ್ಲಿ ಕಾಲು ಸುಮ್ಮನಿಟ್ಟರೆ ಟಿಕಿಟಿಕಿ ಎಂದು ಸಾಗುತ್ತದೆ, ನಿಲ್ಲಿಸಲು ಎರಡೂ ಬ್ರೇಕುಗಳಿವೆ. ಏರಿಳಿತದ ಧಾರವಾಡದಲ್ಲಿ ತಂದೆಯವರು ಅಂಥ ಸೈಕಲ್ಲಿನಲ್ಲಿಯೇ ಮೂವತ್ತು ವರ್ಷ ಶಾಲೆಗೆ ಹೋದರು. ದಿಬ್ಬ ಬಂದಾಗ ಇಳಿದು ದಬ್ಬಿಕೊಂಡು ನಡೆಯುವುದನ್ನು ಅವರು ಸೋಲೆಂದು ಎಣಿಸಿದ್ದನ್ನು ನಾನು ಕಂಡಿಲ್ಲ. ಎದುರಿಗೆ ಬಂದವರೊಡನೆ ಮಾತನಾಡಲು ಅದು ಅನುಕೂಲವಾಗಿತ್ತು.

ಇದು ಎಲ್ಲರಿಗೂ ಹೊಂದುವ ಬದಲಾವಣೆಯಲ್ಲ. ಬಾವಧನದಲ್ಲಿ ಮನೆ ಇದ್ದು ದಿನವೂ ಚಾಂದನಿ ಚೌಕ ಏರಿ ಬರುವವರು, ಭಾನುವಾರ ಸಿಂಹಗಡಕ್ಕೋ ಕಾತ್ರಜ್ ಘಾಟಿಗೋ ಹೋಗುವವರು ಗೇರನ್ನು ಇಟ್ಟುಕೊಳ್ಳುವುದೇ ಒಳ್ಳೆಯದು. ನನ್ನ ದಾರಿ ಸಪಾಟಾಗಿರುವುದರಿಂದ ನಡೆಯಿತು; ಗೆಳೆಯರ ಜೊತೆ ಸಿಂಹಗಡದ ಕಡೆ ಹೋಗುವುದು ನಿಂತಿತು, ಅದು ನಷ್ಟವೇ. ಗೇರೂ ಬೇಕು, ಚೈನಿನ ನೇರ ಗೆರೆಯೂ ಬೇಕು ಎನ್ನುವವರಿಗೆ ಹಬ್ಬಿನ ಒಳಗೇ ಗೇರು ಅಡಗಿರುವ ಏರ್ಪಾಡೊಂದಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಆರಂಭವಾದ ಸ್ಟರ್ಮಿ ಆರ್ಚರ್ ಕಂಪನಿಯವರು ನೂರು ವರ್ಷಗಳಿಗೂ ಹಿಂದಿನಿಂದ ಮೂರು ಗೇರಿನ ಅಂಥ ಹಬ್ಬುಗಳಿಗೆ ಹೆಸರಾದವರು. ಅದಾದರೆ ಕೆಸರಿಗೂ ಸ್ಕೂಟರಿಗೂ ಹೆದರಬೇಕಿಲ್ಲ, ಬೆಲೆಗೆ ಮಾತ್ರ ಹೆದರಬೇಕು.

ತೆಗೆದ ಸಾಮಾನುಗಳನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಒಂಟಿ ಫ್ರೀವೀಲಿನ ತೂಕ ಕಳೆದರೆ ಒಂದು ಕಿಲೋ ಹತ್ತಿರವಾಯಿತು. ತಕ್ಕಡಿಗೆ ಹತ್ತಿದ ಎಣ್ಣೆಯ ಬಗೆಗೆ ಮನೆಯಲ್ಲಿ ನಡೆದ ಮಾತುಕತೆ ಬೇರೆ ವಿಷಯ. ಮುಂದಿನ ಡಿರೇಲರ್ ಮತ್ತು ಗುಂಡಿಗಳನ್ನು ಕಾಕಾ ಒಬ್ಬ ವಿದ್ಯಾರ್ಥಿಯ ಸೈಕಲ್ಲಿಗೆ ಹಾಕಿಕೊಟ್ಟರು. ಫ್ರೀವೀಲ್, ಚೈನು, ಎಕ್ಸಲ್, ಕೂಲಿ, 16ನ್ನು ಕೊಂಡ ನನ್ನ ದುಡುಕು ಎಲ್ಲ ಸೇರಿ ಒಂದು ಒಳ್ಳೆಯ ಡಿರೇಲರಿನ ಬೆಲೆಯಷ್ಟೇ ಖರ್ಚಾಗಿದೆ. ಅವರು ಅಂದು ಕೇಳಿದ್ದ ಪ್ರಶ್ನೆಯ ಲೆಕ್ಕ ಹೀಗೆ ಸರಿಹೋಯಿತು.

ಈ ಜೂನಿನಲ್ಲಿ ಮಳೆ ಹಿಡಿಯುವ ಮೊದಲು ಚೈನನ್ನು ಉಕ್ಕಿನ ಪಟ್ಟಿಯಿಟ್ಟು ಅಳೆದೆ. ಹೊಸ ಚೈನಿನಲ್ಲಿ ಇಪ್ಪತ್ತನಾಲ್ಕು ಗೆಣ್ಣುಗಳು ಸರಿಯಾಗಿ 12 ಇಂಚು. ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚಾದರೆ ಬದಲಿಸುವ ಯೋಚನೆ ಮಾಡಬೇಕು. ನನ್ನದು ಅದರ ಅರ್ಧದಷ್ಟು ಹಿಗ್ಗಿತ್ತು. ನಟ್ಟು ಸಡಿಲಿಸಿ, ಚಕ್ರವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ, ಬಿಗಿಯಾಗುವ ಜಾಗ ಹುಡುಕಿ ಒತ್ತಿ ನೋಡಿ, ಮತ್ತೆ ಬಿಗಿದೆ. ಹತ್ತು ನಿಮಿಷದ ಕೆಲಸ. ಸ್ಕೂಟರಿನವರು ಈಗ ಗೋಡೆಯ ಪಕ್ಕಕ್ಕೆ ನಿಲ್ಲಿಸುತ್ತಿದ್ದಾರೆ.